ಬಣ್ಣದ ಮಷಿನ್ ಆರಿಸಿದ ಮಳೆಗಾಲ

ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿಯಿದೆ. ಫೋಟೋ ತೆಗೆಯುವವರು ನಾವಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಫೋಟೋಗ್ರಾಫರುಗಳು ಮದುವೆ, ಸೀಮಂತ, ಗೃಹಪ್ರವೇಶದ ಫೋಟೋಗಳನ್ನು ನಮಗೆ ಕಳಿಸುತ್ತಾರೆ. ನಾವು ಬಣ್ಣ ತಿದ್ದಿ, ಮುದ್ರಿಸಿ, ಆಲ್ಬಂ ಕಟ್ಟಿ ವಾಪಸು ಕೊಡುತ್ತೇವೆ. ಕಂಪ್ಯೂಟರಿನ ಮುಂದೆ ಕೂತು ಬಣ್ಣ ತಿದ್ದುವುದು ಅಕ್ಕನ ಕೆಲಸವಾಗಿತ್ತು. ಮುದ್ರಿಸುವುದು, ಕತ್ತರಿಸುವುದು, ಅಂಟಿಸುವುದು, ರಟ್ಟು ಹಾಕುವುದು ನನ್ನ ಪಾಲಿನದು.

ಈ ಹಂಚಿಕೆ ನಾವು ಸಣ್ಣವರಿದ್ದಾಗಲೇ ಆಗಿಹೋಗಿತ್ತು. ನಮ್ಮದು ನೇಕಾರರ ಮನೆ. ಅಪ್ಪ ಮಗ್ಗದಲ್ಲಿ ಕೂತಲ್ಲಿಂದಲೇ ದಾಳಿಂಬೆ ಬಣ್ಣದ ನೂಲು ಕೇಳಿದರೆ ನಾನು ಕುಂಕುಮದ ಬಣ್ಣದ್ದನ್ನು ಎತ್ತಿಕೊಂಡು ಓಡುತ್ತಿದ್ದೆ. ಗಿಣಿ ಹಸಿರು ಕೇಳಿದರೆ ಮಾವಿನೆಲೆಯ ಹಸಿರು. ನನ್ನ ಕಣ್ಣಿಗೇನೂ ಆಗಿರಲಿಲ್ಲ. ಹೊರಗೆ ಗೋಲಿ ಆಡಲು ಗೆಳೆಯರು ಕಾಯುತ್ತಿದ್ದರು, ಅಷ್ಟೇ. ಆದರೆ "ಇವಗ ಬಣ್ಣಾ ತಿಳಿಯಂಗಿಲ್ಲ" ಎಂಬ ಮಾತು ಮನೆಯಲ್ಲಿ ಉಳಿದುಬಿಟ್ಟಿತು, ಮತ್ತು ಎಲ್ಲರಂತೆ ನಾನೂ ಅದನ್ನು ನಂಬಿದೆ. ಅಕ್ಕನದು ಹಾಗಲ್ಲ. ಅವಳು ಮಸುಕು ಬೆಳಕಿನಲ್ಲಿ ಕೂಡ ಎರಡು ನೂಲುಗಳನ್ನು ಪಕ್ಕಪಕ್ಕ ಹಿಡಿದು, ಇದು ಹೋದ ಸಲ ಬಣ್ಣ ಹಾಕಿದ್ದು, ಇದು ಈ ಸಲದ್ದು ಎಂದು ಬೇರೆ ಮಾಡುತ್ತಿದ್ದಳು. ಅಪ್ಪ ಅವಳನ್ನು ಕೇಳದೆ ಸೀರೆಯ ಅಂಚಿಗೆ ಬಣ್ಣ ಗೊತ್ತು ಮಾಡುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮಗ್ಗ ನಿಂತಿತು. ಅಕ್ಕ ಒಂದು ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಕೆಲಸ ಕಲಿತಳು. ಮುಂದೆ ನಾವಿಬ್ಬರೂ ಸೇರಿ ಸ್ವಂತ ಅಂಗಡಿ ಹಾಕಿದೆವು. ಅವಳು ಮದುವೆಯಾಗಲಿಲ್ಲ. ಅದಕ್ಕೆ ಕಾರಣಗಳಿದ್ದವು, ಅವು ಅವಳವು, ಇಲ್ಲಿ ಬರೆಯುವುದಿಲ್ಲ. ಅವಳು ತಿದ್ದಿದ ಫೋಟೋಗಳಲ್ಲಿ ಜನ ತಾವಿದ್ದ ಬಣ್ಣದಲ್ಲೇ ಇರುತ್ತಿದ್ದರು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿಕೊಡಿ ಎಂದು ಕೇಳಿದರೆ, "ಹಂಗ ಮಾಡಿದ್ರ ಆಕಿ ನಿಮ್ಮ ಮಗಳ ಆಗಂಗಿಲ್ರಿ, ಯಾರೋ ಆಗ್ತಾಳ" ಎಂದು ನಗುತ್ತಲೇ ಹೇಳಿ ಕಳಿಸುತ್ತಿದ್ದಳು. ಬೇಜಾರಾಗಿ ಹೋದವರೂ ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು.

ಒಂದು ವರ್ಷ ಶಿವರಾತ್ರಿಯ ಹೊತ್ತಿಗೆ ಅವಳ ಕೊರಳಲ್ಲಿ ಒಂದು ಗಂಟು ಎದ್ದಿತು. ಸಂಜೆಯಾದರೆ ಸಣ್ಣ ಜ್ವರ. ಸೂಜಿ ಚುಚ್ಚಿ ಪರೀಕ್ಷೆ ಮಾಡಿದ ಡಾಕ್ಟರು ಇದು ಕೊರಳ ಗಂಟಿನ ಕ್ಷಯ, ಗುಣವಾಗುತ್ತದೆ, ಒಂದು ದಿನವೂ ಬಿಡದೆ ಗುಳಿಗೆ ನುಂಗಬೇಕು ಎಂದರು. ಅವ್ವ ಓಣಿಯವರಿಗೆ "ನರದ ಬ್ಯಾನಿ" ಎಂದು ಹೇಳಿದಳು. ಗುಳಿಗೆ ಕೊಡುವಾಗ ಡಾಕ್ಟರು ಹೇಳಬೇಕಾದ್ದನ್ನೆಲ್ಲ ಹೇಳಿದ್ದರು. ಮೂತ್ರ ಕೆಂಪಗಾಗುತ್ತದೆ, ಹೆದರಬೇಡಿ. ವಾಂತಿಯಾದರೆ ಬನ್ನಿ. ಕಣ್ಣಿನಲ್ಲಿ ಏನಾದರೂ ಬದಲಾವಣೆ ಅನ್ನಿಸಿದರೆ ತಕ್ಷಣ ತಿಳಿಸಿ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೆ. ಕಣ್ಣಿನಲ್ಲಿ ಬದಲಾವಣೆ ಎಂದರೆ ಮಂಜಾಗುವುದು, ಅಕ್ಷರ ಕಾಣದಿರುವುದು ಎಂದು ನಾವಿಬ್ಬರೂ ತಿಳಿದುಕೊಂಡೆವು. ಅಕ್ಕ ದಿನಾ ಮುಂಜಾನೆ ಪೇಪರಿನ ಸಣ್ಣ ಅಕ್ಷರ ಓದಿ, "ನನ್ನ ಕಣ್ಣ ಗಟ್ಟಿ ಅದಾವು" ಅನ್ನುತ್ತಿದ್ದಳು.

ಜ್ವರ ಹೋಯಿತು, ಮೈ ತುಂಬಿಕೊಂಡಿತು. ಗಂಟು ಮಾತ್ರ ಪೂರಾ ಕರಗಲಿಲ್ಲ, ಹಾಗಾಗಿ ಗುಳಿಗೆ ಇನ್ನಷ್ಟು ತಿಂಗಳು ಮುಂದುವರಿಯಬೇಕಾಯಿತು. ಆಕೆ ಅಂಗಡಿಗೆ ಬರುವುದನ್ನು ಬಿಟ್ಟಿರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ದೂರುಗಳು ಬರಲಾರಂಭಿಸಿದವು. ಮೊದಲು ಶಿರಹಟ್ಟಿಯ ಫೋಟೋಗ್ರಾಫರನೊಬ್ಬ ಫೋನು ಮಾಡಿದ. "ಅಕ್ಕಾರಿಗೆ ಹೇಳ್ರಿ, ಈ ಸಲ ಮದಿಮಗಳ ಮಾರಿ ಬಿಸಲಾಗ ಸುಟ್ಟಂಗ ಆಗೈತಿ" ಎಂದ. ಆಮೇಲೆ ಸೊರಟೂರಿನಿಂದ ಮದುಮಗನ ತಾಯಿಯೇ ಆಲ್ಬಂ ಹಿಡಿದುಕೊಂಡು ಬಂದರು. ಬಟ್ಟೆಯಲ್ಲಿ ಸುತ್ತಿ ತಂದಿದ್ದನ್ನು ಟೇಬಲಿನ ಮೇಲಿಟ್ಟು ಬಿಚ್ಚಿ, "ನೋಡ್ರಿ ಯವ್ವಾ, ನನ್ನ ಮಗ ತನ್ನ ಮದಿವ್ಯಾಗ ಸಿಟ್ಟಿಗೆದ್ದು ಕುಂತಂಗ ಕಾಣ್ತಾನಲ್ರಿ. ಅಂವ ಹಂಗ ಇಲ್ಲ, ಬಾಳ ಶಾಂತ ಅದಾನ" ಎಂದರು. ನಿಜವೇ. ಎಲ್ಲರ ಮುಖಗಳೂ ಕೆಂಪೇರಿದ್ದವು. ಅಕ್ಷತೆ ಹಾಕುತ್ತಿದ್ದ ಮುದುಕರೂ ಓಡಿ ಬಂದವರಂತೆ ಕಾಣುತ್ತಿದ್ದರು.

ಅಕ್ಕ ಆ ಪುಟಗಳನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಅವು ಕೆಂಪಗೆ ಕಾಣಲಿಲ್ಲವೆಂದು ಆಗ ನನಗೆ ಗೊತ್ತಾಗಲಿಲ್ಲ. ಅವಳು ವಾದ ಮಾಡಲಿಲ್ಲ. "ತಪ್ಪ ಆಗೈತ್ರಿ ಅವ್ವಾರ, ಬ್ಯಾರೆ ಮಾಡಿ ಕೊಡ್ತೀವಿ" ಎಂದಳು. ಆ ತಾಯಿ ಹೋದ ಮೇಲೆ ಕಂಪ್ಯೂಟರಿನ ಕಡೆ ತಿರುಗಿ, "ಈ ಪರದಿ ಕೆಟ್ಟೈತಿ. ಕೆಂಪ ಕಮ್ಮಿ ತೋರಸಾಕತ್ತೈತಿ. ಅದಕ್ಕ ನಾ ಜಾಸ್ತಿ ಹಾಕಾಕತ್ತೀನಿ" ಎಂದಳು.

ಅದರಲ್ಲಿ ಅರ್ಥವಿತ್ತು. ಮಾನಿಟರು ಹಳೆಯದು. ಅದರ ಬಿಳಿ ಹಳದಿಗೆ ತಿರುಗಿದ್ದು ನನಗೂ ಗೊತ್ತಿತ್ತು. ಆದರೂ ಒಮ್ಮೆ, "ನನಗ ಪರದ್ಯಾಗೂ ಕೆಂಪ ಜಾಸ್ತಿನ ಕಾಣ್ತೈತಲ್ಲಕ್ಕ" ಎಂದೆ.

"ನಿನಗ ಯಾವಾಗ ಬಣ್ಣಾ ಕಂಡಾವೋ ತಮ್ಮಾ?" ಎಂದು ಅವಳು ನಕ್ಕಳು. ನಾನೂ ನಕ್ಕೆ.

ಇಂಕು ಬದಲಿಸಿದೆವು. ಬೇರೆ ಕಾಗದ ತರಿಸಿದೆವು. ಟ್ಯೂಬಲೈಟು ತೆಗೆದು ಬೇರೆ ದೀಪ ಹಾಕಿದೆವು. ಯಾವುದರಿಂದಲೂ ಆಗಲಿಲ್ಲ. ಆಗ ಅಕ್ಕ, "ಬಣ್ಣಾ ಅಳಿಯೂ ಮಷಿನ್ ತಗೊಳ್ಳೂಣು" ಎಂದಳು.

ಇದು ಅಂಗೈಯಗಲದ ಸಾಧನ. ಮಾನಿಟರಿನ ಮುಂದೆ ಇಳಿಬಿಟ್ಟರೆ ಪರದೆಯ ಮೇಲೆ ಒಂದಾದ ಮೇಲೊಂದು ಬಣ್ಣಗಳು ಮೂಡುತ್ತವೆ. ಪರದೆ ಯಾವ ಬಣ್ಣವನ್ನು ಎಷ್ಟು ತಪ್ಪಾಗಿ ತೋರಿಸುತ್ತಿದೆ ಎಂದು ಸಾಧನ ಅಳೆಯುತ್ತದೆ, ಕಂಪ್ಯೂಟರು ಅದಕ್ಕೆ ತಕ್ಕಂತೆ ಪರದೆಯನ್ನು ಸರಿಮಾಡಿಕೊಳ್ಳುತ್ತದೆ. ಇದರಲ್ಲೇ ಎರಡು ಜಾತಿ. ಒಂದು ಪರದೆಯನ್ನಷ್ಟೇ ಅಳೆಯುವಂಥದ್ದು. ಇನ್ನೊಂದು ಮುದ್ರಿಸಿದ ಕಾಗದವನ್ನೂ ಅಳೆಯುತ್ತದೆ. ಅದರದ್ದು ಬೆಲೆ ಬಹಳ ಹೆಚ್ಚು.

ಮುಂಡರಗಿಯಲ್ಲಿ ಅಕ್ಕನಿಗೆ ಪರಿಚಯದ ಹಿರಿಯ ಫೋಟೋಗ್ರಾಫರರೊಬ್ಬರಿದ್ದರು. ಅವರ ಹತ್ತಿರ ಮೊದಲನೆಯ ಜಾತಿಯದು ಇದೆ ಎಂದು ಕೇಳಿ ನಾವಿಬ್ಬರೂ ಒಂದು ಮುಂಜಾನೆ ಬಸ್ಸು ಹತ್ತಿದೆವು. ನಾಲ್ಕಾರು ದಿನ ಮಳೆ ಹೊಡೆದು ಬಿಟ್ಟಿತ್ತು. ಡೋಣಿ ಊರಿನ ಹತ್ತಿರ ಹೊಲಗಳಲ್ಲಿ ಇನ್ನೂ ನೀರು ನಿಂತಿತ್ತು. ಅಕ್ಕ ಕಿಟಕಿಯ ಪಕ್ಕ ಕೂತು ಕಪ್ಪತಗುಡ್ಡವನ್ನು ನೋಡುತ್ತಿದ್ದವಳು, "ಈ ಸಲ ಗುಡ್ಡಕ್ಕ ಮಳಿ ಬಿದ್ದಿಲ್ಲೇನೋ? ಬೂದಿ ಬಣ್ಣಾ ಆಗೈತಲ್ಲ" ಎಂದಳು.

ನಾನು ಬಗ್ಗಿ ನೋಡಿದೆ. ಗುಡ್ಡ ಹಸಿರಾಗಿತ್ತು. "ಕಾಜು ಹೊಲಸ ಆಗೈತಕ್ಕ" ಎಂದೆ. ಅವಳು ಸೆರಗಿನಿಂದ ಕಿಟಕಿಯ ಗಾಜನ್ನು ಒರೆಸಿದಳು, ಮತ್ತೆ ನೋಡಿದಳು.

ಫೋಟೋಗ್ರಾಫರರು ತಮ್ಮ ಮಷಿನ್ ತೆಗೆದು ತೋರಿಸಿದರು. ಅಕ್ಕನ ಪ್ರಶ್ನೆಗಳು ಮುಗಿಯಲೇ ಇಲ್ಲ. ಎಷ್ಟು ದಿನಕ್ಕೊಮ್ಮೆ ಅಳೆಯಬೇಕು, ಕೋಣೆಯ ಬೆಳಕು ಹೇಗಿರಬೇಕು, ಎರಡು ಪರದೆಗಳಿದ್ದರೆ ಎರಡನ್ನೂ ಒಂದೇ ಮಟ್ಟಕ್ಕೆ ತರಬಹುದೇ. ಅವರು ಸಾವಧಾನವಾಗಿ ಹೇಳಿ, "ಒಯ್ದು ನೋಡ್ರಿ ತಂಗೆವ್ವಾ, ಪಸಂದ್ ಬಂದ್ರ ಹೊಸಾದು ತಗೊಳ್ರಿ. ನಂದು ಹಳೇದೈತಿ" ಎಂದು ಅದನ್ನು ಕೈಗೆ ಕೊಟ್ಟರು.

ತಂದು ಹಚ್ಚಿದೆವು. ಪರದೆಯ ಹಳದಿ ಹೋಯಿತು, ಬಿಳಿ ಬಿಳಿಯಾಯಿತು. ನನಗೆ ಅಷ್ಟು ಸಾಕೆನಿಸಿತ್ತು. ಅಕ್ಕ ಕತ್ತು ಓರೆ ಮಾಡಿ ನೋಡಿದಳು. "ಬಿಳೇದು ಸರಿ ಆತು. ಕೆಂಪ ಇನ್ನೂ ಬಂದಿಲ್ಲ" ಎಂದಳು. ಫೋನಿನಲ್ಲಿ ಆ ಹಿರಿಯರನ್ನು ಕೇಳಿದರೆ, ಹಳೆಯ ಮಷಿನ್ನುಗಳ ಒಳಗಿನ ಗಾಜು ವರ್ಷಗಳಾದಂತೆ ಮಾಸುತ್ತದೆ, ತಪ್ಪು ಹೇಳಲೂಬಹುದು ಎಂದರು. ಅಕ್ಕನಿಗೆ ಅಷ್ಟೇ ಬೇಕಿತ್ತು. "ನೋಡು, ನಾ ಅಂದಿದ್ದಿಲ್ಲೇನು? ಮಷಿನ್ನಿಗೂ ಕಣ್ಣ ಮಂಜ ಆಗೈತಿ" ಎಂದಳು.

ಹೀಗೆ ಹೊಸದನ್ನು ಕೊಳ್ಳುವುದೆಂದಾಯಿತು. ಯಾವುದು ಎಂಬ ಮಾತು ವಾರಗಟ್ಟಲೆ ನಡೆಯಿತು. ಪರದೆಯದಷ್ಟೇ ಸಾಕು ಎಂದು ನಾನು. ಅಕ್ಕ ಒಪ್ಪಲಿಲ್ಲ. "ಜನಾ ನಮ್ಮ ಪರದಿ ಮನಿಗೆ ಒಯ್ತಾರೇನೋ? ಕಾಗದ ಒಯ್ತಾರ. ಕಾಗದ ಸರಿ ಇರಬೇಕು" ಎಂದಳು. ಮಧ್ಯಾಹ್ನ ಊಟವಾದ ಮೇಲೆ ಫೋನಿನಲ್ಲಿ ಆ ಮಷಿನ್ನುಗಳ ವೀಡಿಯೋ ಹಾಕಿಕೊಂಡು ಕೂರುತ್ತಿದ್ದಳು. ಹಿಂದಿಯಲ್ಲಿ ಯಾರೋ ಹೇಳಿದ್ದನ್ನು ನನಗೆ ಕನ್ನಡದಲ್ಲಿ ತಿರುಗಿ ಹೇಳುತ್ತಿದ್ದಳು. ಹುಬ್ಬಳ್ಳಿಯ ಅಂಗಡಿಯವನಿಗೆ ಎರಡು ದಿನಕ್ಕೊಮ್ಮೆ ಫೋನು. ಅವನ ಹತ್ತಿರ ಮಾಲು ಇರಲಿಲ್ಲ, ಬೇರೆ ಕಡೆಯಿಂದ ತರಿಸಬೇಕಿತ್ತು, ಇವತ್ತು ನಾಳೆ ಎನ್ನುತ್ತಿದ್ದ.

ಆ ದಿನಗಳಲ್ಲಿ ಅಕ್ಕ ಬಹಳ ಖುಷಿಯಾಗಿದ್ದಳು. ಬರೆಯುವಾಗ ನನ್ನನ್ನು ಹೆಚ್ಚು ಕಾಡುವುದು ಇದೇ. ಕೊರಳ ಗಂಟು ಎದ್ದಾಗಿನಿಂದ ಸುಮ್ಮನಾಗಿದ್ದವಳು ಮತ್ತೆ ಮಾತನಾಡುತ್ತಿದ್ದಳು, ನನ್ನನ್ನು ಚೇಷ್ಟೆ ಮಾಡುತ್ತಿದ್ದಳು. ಮಷಿನ್ ಬಂದರೆ ಅಂಗಡಿಯ ಗೋಡೆಗೆ ಬೂದು ಬಣ್ಣ ಹೊಡೆಸಬೇಕಂತೆ, ಆಗ ಕಣ್ಣು ಮೋಸ ಹೋಗುವುದಿಲ್ಲವಂತೆ. ಮುಂಜಾನೆ ಗುಳಿಗೆ ನುಂಗುವಾಗಲೂ ಅದೇ ಮಾತು. ಅವ್ವ ನೀರಿನ ಲೋಟ ಹಿಡಿದು, "ಮೊದಲ ನುಂಗವಾ, ಆಮ್ಯಾಗ ನಿನ್ನ ಮಷಿನ್ನ ಪುರಾಣ ಹೇಳವಂತಿ" ಎನ್ನುತ್ತಿದ್ದಳು. ಅಕ್ಕ ಗುಳಿಗೆಗಳನ್ನೆಲ್ಲ ಒಂದೇ ಸಲ ಬಾಯಿಗೆ ಹಾಕಿಕೊಂಡು ನುಂಗುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಕಡೆಗೆ ಮಷಿನ್ ಬಂತು. ಅಕ್ಕ ಡಬ್ಬಿಯನ್ನು ತಾನೇ ಬಿಚ್ಚಿದಳು. ಮೊದಲು ಪರದೆಯನ್ನು ಅಳೆದೆವು. ಆಮೇಲೆ ಸಣ್ಣ ಸಣ್ಣ ಬಣ್ಣದ ಚೌಕಗಳು ತುಂಬಿದ ಹಾಳೆಯನ್ನು ಮುದ್ರಿಸಿ, ಇಂಕು ಒಣಗಲಿ ಎಂದು ಮರುದಿನದವರೆಗೆ ಬಿಟ್ಟೆವು. ಮರುದಿನ ಅಕ್ಕ ಮಷಿನ್ನನ್ನು ಆ ಚೌಕಗಳ ಸಾಲಿನ ಮೇಲೆ ಮೆಲ್ಲಗೆ ಎಳೆದಳು. ಒಂದೊಂದು ಸಾಲು ಮುಗಿದಾಗಲೂ ಅದು ಸಣ್ಣಗೆ ಕೂಗುತ್ತಿತ್ತು. ಅವಳ ಕೈ ಎಲ್ಲೂ ಅಳ್ಳಾಡಲಿಲ್ಲ. ಎಲ್ಲಾ ಮುಗಿದು ಸರಿಯಾಗಿದೆ ಎಂದು ಕಂಪ್ಯೂಟರು ತೋರಿಸಿದಾಗ ಇಬ್ಬರೂ ಚಹಾ ಕುಡಿದೆವು.

"ಈಗ ಖರೆ ಪರೀಕ್ಷಾ" ಎಂದು ಅಕ್ಕ ಮನೆಗೆ ಹೋಗಿ ಅವ್ವನನ್ನು ಕರೆದುಕೊಂಡು, ಅವ್ವನ ಒಂದು ಸೀರೆಯನ್ನೂ ಹಿಡಿದುಕೊಂಡು ಬಂದಳು. ಅಪ್ಪ ನೇಯ್ದದ್ದು. ಒಡಲು ದಾಳಿಂಬೆ ಬಣ್ಣ, ಅಂಚು ಹಸಿರು. ಅವ್ವ ಅದನ್ನು ಟ್ರಂಕಿನಲ್ಲಿಟ್ಟು ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದಳು. ಬಾಗಿಲ ಬೆಳಕಿನಲ್ಲಿ ಸೀರೆ ಹರಡಿ ಫೋಟೋ ತೆಗೆದೆವು, ಏನೂ ತಿದ್ದದೆ ಹಾಗೆಯೇ ಮುದ್ರಿಸಿದೆವು. ಸೀರೆ, ಪರದೆ, ಕಾಗದ ಮೂರನ್ನೂ ಒಂದೇ ಕಡೆ ನೋಡಿದೆ. ಬಣ್ಣ ತಿಳಿಯದವನೆಂದು ಹೆಸರಾದ ನನಗೂ ಅವು ಒಂದೇ ಎಂದು ಗೊತ್ತಾಯಿತು. ಕಾಗದದ ಮೇಲೆ ಕೈಯಾಡಿಸಿದರೆ ರೇಷ್ಮೆ ತಾಗೀತು ಅನ್ನುವ ಹಾಗಿತ್ತು.

"ಅಕ್ಕಾ, ಆತಲ್ಲ!" ಎಂದೆ.

ಅಕ್ಕ ಕಾಗದ ನೋಡಿದಳು, ಪರದೆ ನೋಡಿದಳು. ಆಮೇಲೆ ಸೀರೆಯ ಮಡಿಕೆಯೊಂದನ್ನು ಎತ್ತಿ ಬಾಗಿಲ ಹತ್ತಿರ ಒಯ್ದಳು.

"ಯವ್ವಾ, ಈ ಸೀರಿ ಯಾಕ ಹಿಂಗ ಬಣ್ಣಾ ಬಿಟ್ಟೈತಿ? ಬಿಸಲಾಗ ಹಾಕಿದ್ದೇನು?"

"ಎಲ್ಲೆ ಬಿಟ್ಟೈತವಾ?" ಅವ್ವ ಸೀರೆಯ ಇನ್ನೊಂದು ತುದಿ ಹಿಡಿದು ನೋಡಿದಳು. "ನಿಮ್ಮಪ್ಪ ಮಗ್ಗದಿಂದ ಇಳಿಸಿದಾಗ ಹೆಂಗಿತ್ತೋ ಹಂಗ ಐತಿ."

"ಇಲ್ಲವ್ವಾ. ಕಂದ ಆಗೈತಿ. ಮಣ್ಣಿನಂಗ ಆಗೈತಿ."

ಅವ್ವ ನನ್ನ ಮುಖ ನೋಡಿದಳು. ನಾನು ಸೀರೆ ನೋಡಿದೆ. ಅದು ಒಡೆದ ದಾಳಿಂಬೆಯಷ್ಟು ಕೆಂಪಗಿತ್ತು. ಅಕ್ಕ ನಮ್ಮಿಬ್ಬರ ಮುಖಗಳನ್ನು ನೋಡಿದಳು. ಸೀರೆಯನ್ನು ಕೆಳಗಿಟ್ಟು, ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ನೋಡಿದಳು. ಆಮೇಲೆ ಇನ್ನೊಂದನ್ನು ಮುಚ್ಚಿಕೊಂಡು ನೋಡಿದಳು.

"ತಮ್ಮಾ, ಇದರ ಅಂಚು ಯಾವ ಬಣ್ಣಾ?"

"ಹಸರಕ್ಕ."

"ಒಡಲು?"

ಅವ್ವನೇ, "ದಾಳಿಂಬ್ರಿ ಬಣ್ಣಾನವಾ, ನೀನ ಹೇಳಿ ನೇಯಿಸಿದ್ದು" ಎಂದಳು.

ಅಕ್ಕ ಕುರ್ಚಿಯ ಮೇಲೆ ಕೂತಳು. "ನನಗ ಎರಡೂ ಒಂದ ಕಾಣಾಕತ್ತಾವು" ಎಂದಳು. ಧ್ವನಿ ಬಹಳ ಸಣ್ಣದಿತ್ತು, ತಪ್ಪು ಒಪ್ಪಿಕೊಳ್ಳುವವರ ಧ್ವನಿಯಂತೆ.

ಅಂದೇ ಸಂಜೆ ಡಾಕ್ಟರ ಹತ್ತಿರ ಓಡಿದೆವು. ಅವರು ಕೇಳಿದ ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಬಣ್ಣದ ಚುಕ್ಕೆಗಳು ತುಂಬಿದ ಪುಸ್ತಕವೊಂದನ್ನು ತೆಗೆದು, ಚುಕ್ಕೆಗಳ ನಡುವೆ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರು. ನಾನು ಹಿಂದೆ ನಿಂತಿದ್ದೆ. ಪುಟ ತಿರುವಿದಂತೆಲ್ಲ ನನಗೆ ಅಂಕಿ ಎದ್ದು ಕಾಣುತ್ತಿತ್ತು. ಅಕ್ಕ ಬೆರಳಿನಿಂದ ಚುಕ್ಕೆಗಳನ್ನು ಸವರುತ್ತ, "ಚುಕ್ಕಿ ಅದಾವ್ರಿ. ಬರೀ ಚುಕ್ಕಿ" ಎನ್ನುತ್ತಿದ್ದಳು. ಒಂದು ಪುಟದಲ್ಲಿ ಊಹೆಯಿಂದ ಒಂದು ಅಂಕಿ ಹೇಳಿ ನನ್ನ ಕಡೆ ತಿರುಗಿದಳು. ಅದು ತಪ್ಪಾಗಿತ್ತು. ನಾನು ಗೋಡೆಯ ಕಡೆ ನೋಡಿದೆ.

ಗುಳಿಗೆಗಳಲ್ಲಿ ಒಂದು ಅಪರೂಪಕ್ಕೆ ಕೆಲವರಿಗೆ ಕಣ್ಣಿನ ನರಕ್ಕೆ ತಾಗುತ್ತದೆ, ಮೊದಲು ಬಣ್ಣ ಕಳೆಯುತ್ತದೆ, ಮುಖ್ಯವಾಗಿ ಕೆಂಪು ಮತ್ತು ಹಸಿರು ಎಂದು ಅವರು ವಿವರಿಸಿದರು. ಮೊದಲಿನ ಡಾಕ್ಟರು ಅದೊಂದನ್ನು ನಿಲ್ಲಿಸಿ ಬೇರೆ ಬರೆದುಕೊಡುತ್ತಾರೆ, ಉಳಿದವನ್ನು ಬಿಡಬಾರದು, ರೋಗ ಪೂರಾ ವಾಸಿಯಾಗಬೇಕು ಎಂದರು. ಕಣ್ಣು ಮೊದಲಿನಂತೆ ಆಗುತ್ತದೆಯೇ ಎಂದು ನಾನು ಕೇಳಿದೆ.

"ಭಾಳ ಮಂದಿಗೆ ತಿರುಗಿ ಬರ್ತೈತಿ. ಎಷ್ಟು ಬರ್ತೈತಿ ಅಂತ ಈಗ ಹೇಳಾಕ ಆಗಂಗಿಲ್ಲ. ಯಾವಾಗಿಂದ ಹಿಂಗ ಆಗೈತಿ?"

ಯಾವಾಗಿನಿಂದ ಎಂದು ನಾನು ಯೋಚಿಸಿದೆ. ಸೊರಟೂರಿನ ತಾಯಿ ಬಂದದ್ದು, ಇಂಕು ಬದಲಿಸಿದ್ದು, ಮುಂಡರಗಿಯ ಬಸ್ಸು, ಹುಬ್ಬಳ್ಳಿಯ ಅಂಗಡಿಯವನ ಇವತ್ತು ನಾಳೆ. ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ನಾನು ಬಾಯಿ ತೆರೆಯುವುದರೊಳಗೆ ಅಕ್ಕನೇ ಹೇಳಿದಳು.

"ಮಳಿ ಹತ್ತಿದಾಗಿಂದ ಇರಬೇಕ್ರಿ. ನಾವು ಪರದಿ ಕೆಟ್ಟೈತಿ ಅಂತ ತಿಳಕೊಂಡ್ವಿ. ಮಷಿನ್ ಆರಸ್ಕೋತ ಕುಂತಿದ್ವಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದರು. ಬೇಗ ಬಂದಿದ್ದರೆ ಎಂದು ಅವರು ಅನ್ನಲಿಲ್ಲ. ಒಳ್ಳೆಯ ಮನುಷ್ಯ.

ಮನೆಗೆ ಬರುವಾಗ ಆಟೋದಲ್ಲಿ ನಾನು ಅತ್ತೆ. ಅಕ್ಕ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ನೀ ಹೇಳಿದ್ದಿ ಅಲ್ಲೋ, ಪರದ್ಯಾಗ ಕೆಂಪ ಜಾಸ್ತಿ ಕಾಣ್ತೈತಿ ಅಂತ. ನಾನ ಕೇಳಲಿಲ್ಲ. ಅಳಬ್ಯಾಡ. ಅವ್ವನ ಮುಂದ ಅಂತೂ ಅಳಬ್ಯಾಡ" ಎಂದಳು. ಅವಳು ಅಳಲಿಲ್ಲ. ಆಗಲೂ, ಆಮೇಲೂ ನನ್ನೆದುರಿಗೆ ಅಳಲಿಲ್ಲ.

ಚಳಿಗಾಲದ ಹೊತ್ತಿಗೆ ಗಂಟು ಪೂರಾ ಕರಗಿತು. ಕ್ಷಯ ವಾಸಿಯಾಯಿತೆಂದು ಡಾಕ್ಟರು ಹೇಳಿದ ದಿನ ಅವ್ವ ಓಣಿಗೆಲ್ಲ ಸಿಹಿ ಮಾದಲಿ ಹಂಚಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಕಣ್ಣು ಸ್ವಲ್ಪ ಸ್ವಲ್ಪವೇ ತಿರುಗಿ ಬಂತು. ಹಸಿರು ಬಂತು. ಎಲೆ, ಗಿಡ, ಪೇಪರಿನ ಬಣ್ಣದ ಚಿತ್ರ ಎಲ್ಲ ಒಂದು ಮಟ್ಟಿಗೆ ಕಾಣತೊಡಗಿದವು. ಕೆಂಪು ಮಾತ್ರ ಪೂರ್ತಿ ಬರಲಿಲ್ಲ. ಟ್ರಾಫಿಕ್ಕಿನ ದೀಪ ಗೊತ್ತಾಗುತ್ತದೆ, ಕುಂಕುಮದ ಕರಡಿಗೆ ಗೊತ್ತಾಗುತ್ತದೆ. ದಾಳಿಂಬೆ ಬಣ್ಣಕ್ಕೂ ಕಂದು ಬಣ್ಣಕ್ಕೂ ನಡುವೆ ಇರುವ, ಅಪ್ಪ ಅವಳನ್ನು ಕೇಳಿ ಆರಿಸುತ್ತಿದ್ದ ಬಣ್ಣಗಳು ಈಗ ಅವಳಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಕಾಲು ಇಲ್ಲ, ಕೈ ಇಲ್ಲ ಎಂದರೆ ಜನಕ್ಕೆ ತಿಳಿಯುತ್ತದೆ. ಇದನ್ನು ಯಾರಿಗೆ ಹೇಳುವುದು? ಹೇಳಿದರೂ, "ಕಣ್ಣ ಕಾಣ್ತಾವಲ್ಲ, ಅಷ್ಟ ಸಾಕು" ಎನ್ನುತ್ತಾರೆ. ಅವ್ವನೂ ಹಾಗೇ ಅನ್ನುತ್ತಿದ್ದಳು, ಮಗಳಿಗೆ ಸಮಾಧಾನ ಹೇಳಲು.

ಒಂದು ದಿನ ನಾನು ಅಂಗಡಿಗೆ ತಡವಾಗಿ ಹೋದೆ. ಅಕ್ಕ ನನ್ನ ಜಾಗದಲ್ಲಿ, ಕತ್ತರಿಸುವ ಟೇಬಲಿನ ಮುಂದೆ ನಿಂತು ಪುಟಗಳ ಅಂಚು ಕತ್ತರಿಸುತ್ತಿದ್ದಳು. ಕಂಪ್ಯೂಟರಿನ ಮುಂದಿನ ಕುರ್ಚಿ ಖಾಲಿ ಇತ್ತು.

"ನೀ ಅಲ್ಲೆ ಕುಂಡ್ರು" ಎಂದಳು. "ಮಷಿನ್ ಐತಿ. ಅದು ಹೇಳಿದಂಗ ಮಾಡು. ಮುಖದ ಮ್ಯಾಲೆ ಭಾಳ ಕೈ ಆಡಸಬ್ಯಾಡ."

"ನನಗ ಎಲ್ಲಿ ಬರತೈತಕ್ಕ? ನೀ ಹಿಂದ ನಿಂತು ಹೇಳು."

"ಏನ್ ನೋಡಿ ಹೇಳ್ಲಿ?"

ಅದಾದ ಮೇಲೆ ಆ ಮಾತು ನಾವು ಆಡಿಲ್ಲ. ನಾನು ಆ ಕುರ್ಚಿಯಲ್ಲಿ ಕೂತೆ. ಮೊದಮೊದಲು ಬಹಳ ಹೆದರುತ್ತಿದ್ದೆ. ತಿಂಗಳು ತಪ್ಪದೆ ಪರದೆ ಅಳೆಯುತ್ತೇನೆ, ಕಾಗದ ಬದಲಾದರೆ ಕಾಗದ ಅಳೆಯುತ್ತೇನೆ. ದೂರು ಬರುವುದು ನಿಂತಿದೆ. ಸೊರಟೂರಿನ ಆಲ್ಬಮ್ಮನ್ನು ಮತ್ತೆ ಮಾಡಿ ಕೊಟ್ಟೆವು. ಆ ತಾಯಿ ಮಗನ ಮುಖ ನೋಡಿ, "ಈಗ ಆತ್ ನೋಡ್ರಿ, ನಮ್ಮ ಹುಡಗನ್ನ ಹಚ್ಚೀರಿ" ಎಂದು ಅಕ್ಕನ ಗಲ್ಲ ಸವರಿ ಲಟಿಗೆ ಮುರಿದರು. ಅಕ್ಕ ನಕ್ಕಳು.

ಆಲ್ಬಮ್ಮಿಗೆ ಪುಟ ಅಂಟಿಸುವಾಗ ಮೊದಲೆಲ್ಲ ಕೇಳುತ್ತಿದ್ದಳು. "ತಮ್ಮಾ, ಈ ಹುಡಗಿ ಉಟ್ಟಿದ್ದು ಯಾವ ಬಣ್ಣದ್ದು?" ನಾನು ಎದ್ದು ಹೋಗಿ ನೋಡಿ, ನನಗೆ ಗೊತ್ತಿದ್ದಷ್ಟು ಹೇಳುತ್ತಿದ್ದೆ. ಕೆಂಪು ಎಂದರೆ ಅವಳಿಗೆ ಸಾಲುತ್ತಿರಲಿಲ್ಲ. "ಕೆಂಪ ಅಂದ್ರ ಎಂಥಾ ಕೆಂಪ? ಕುಂಕುಮದ್ದೋ, ಮೆಣಸಿನಕಾಯಿದೋ, ಟೊಮೇಟೋದ್ದೋ?" ಹೇಳಲು ಕಲಿತೆ. ಸಣ್ಣವನಿದ್ದಾಗ ಕಲಿಯದ ಬಣ್ಣದ ಹೆಸರುಗಳನ್ನು ನಲವತ್ತು ದಾಟಿದ ಮೇಲೆ ಅಕ್ಕನಿಗಾಗಿ ಕಲಿತೆ. ನಾನು ಹೇಳಿದಾಗ ಅವಳು ಆ ಪುಟದ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟು ಆಮೇಲೆ ಅಂಟು ಹಚ್ಚುತ್ತಿದ್ದಳು. ದಿನ ಕಳೆದಂತೆ ಕೇಳುವುದು ಕಡಿಮೆಯಾಯಿತು. ಈಗ ಕೇಳುವುದಿಲ್ಲ. ಒಮ್ಮೊಮ್ಮೆ ನಾನಾಗಿಯೇ, "ಇದು ದಾಳಿಂಬ್ರಿದ ಐತಿ ನೋಡಕ್ಕ" ಎಂದರೆ, "ಹೌದಾ" ಎಂದು ಕೆಲಸ ಮುಂದುವರಿಸುತ್ತಾಳೆ.

ಮೊನ್ನೆ ಕುರ್ತಕೋಟಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಹೊಸದಾಗಿ ಸ್ಟುಡಿಯೋ ಹಾಕಿದ್ದಾಳೆ. ಬಣ್ಣದ ಮಷಿನ್ ಕೊಳ್ಳಬೇಕು, ಯಾವುದು ತಗೊಳ್ಳಲಿ ಎಂದು ಕೇಳಲು ಬಂದವಳು. ಅಕ್ಕನೇ ಅವಳಿಗೆ ಕುರ್ಚಿ ಹಾಕಿ, ಕೈ ಒರೆಸಿಕೊಂಡು, ಎರಡು ಜಾತಿಗಳ ವ್ಯತ್ಯಾಸ ಹೇಳಿದಳು. ಬರೀ ಪರದೆಯದು ಯಾರಿಗೆ ಸಾಕು, ಕಾಗದದ್ದು ಯಾರಿಗೆ ಬೇಕು, ಪರದೆ ಹಚ್ಚಿ ಅರ್ಧ ತಾಸು ಬಿಟ್ಟು ಅಳೆಯಬೇಕು, ಹಸಿ ಇಂಕಿನ ಮೇಲೆ ಅಳೆಯಬಾರದು, ಹಳೆಯದನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಕೊಳ್ಳಬಾರದು. ಬಹಳ ದಿನಗಳ ನಂತರ ಅಕ್ಕ ಅಷ್ಟು ಮಾತಾಡಿದ್ದು. ನಾನು ಕೆಲಸ ನಿಲ್ಲಿಸಿ ಕೇಳುತ್ತ ಕೂತೆ.

"ಹಂಗಾರ ಭಾಳ ಫರಕ ಕಾಣ್ತೈತೇನ್ರಿ ಅಕ್ಕಾರ? ಕೆಂಪು ಅದೂ ಛಲೋ ಬರ್ತಾವೇನು?" ಎಂದು ಆ ಹೆಣ್ಣುಮಗಳು ಕೇಳಿದಳು. ಪಾಪ, ಅವಳಿಗೇನು ಗೊತ್ತು.

ಅಕ್ಕ ಒಂದು ಕ್ಷಣ ಟೇಬಲಿನ ಮೇಲಿನ ಪುಟಗಳನ್ನು ಜೋಡಿಸಿದಳು. "ನಮ್ಮ ತಮ್ಮ ನೋಡ್ತಾನ್ರಿ ಅದನೆಲ್ಲಾ. ಅವನ್ನ ಕೇಳ್ರಿ" ಎಂದಳು. "ನೀವು ಕುಂಡ್ರಿ, ನಾ ಚಹಾ ತರ್ತೀನಿ."

ಅವಳು ಮನೆಯ ಕಡೆ ಹೋದಳು. ನಾನು ಆ ಹೆಣ್ಣುಮಗಳಿಗೆ ಪರದೆ ತೋರಿಸಿದೆ, ಮುದ್ರಿಸಿದ ಪುಟ ತೋರಿಸಿದೆ, ಚೆನ್ನಾಗಿ ಬರುತ್ತವೆ ಎಂದು ಹೇಳಿದೆ. ಅವಳು ಮಷಿನ್ನಿನ ಹೆಸರನ್ನು ಫೋನಿನಲ್ಲಿ ಬರೆದುಕೊಂಡಳು. ಅಕ್ಕ ಬರಲು ಸ್ವಲ್ಪ ತಡವಾಯಿತು. ಬಂದಾಗ ಮುಖ ತೊಳೆದಿದ್ದಳು, ಹಣೆಯ ಕೂದಲು ಒದ್ದೆಯಾಗಿತ್ತು. ಮೂವರೂ ಚಹಾ ಕುಡಿದೆವು. ಕುರ್ತಕೋಟಿಯಲ್ಲಿ ಮಳೆ ಹೇಗಿದೆ ಎಂದು ಅಕ್ಕ ವಿಚಾರಿಸಿದಳು.